ನೀರಿನ ಬೇಲಿ

ಕಾಂಚನಳಂಥ ಅಂಜುಬುರುಕಿ ಅಕ್ಕಲಕೋಟೆಯಲ್ಲೇ ಹುಟ್ಟಿಲ್ಲ ಎಂದು ಅವಳ ಅಪ್ಪ ಹುಲೆಪ್ಪ ಮೊದಲು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈಗ ಅದೇ ಹುಲೆಪ್ಪ, ನಮ್ಮ ಕಾಂಚನ ಆಫ್ರಿಕಾ ನೋಡಿ ಬಂದಾಳ ಎಂದು ಅದೇ ಊರಿಗೆ ಹೇಳಿಕೊಂಡು ತಿರುಗುತ್ತಿದ್ದಾನೆ. ಬಾಯಿ ಬದಲಾಗಿಲ್ಲ, ಕೇಳುವ ಕಿವಿಗಳೂ ಬದಲಾಗಿಲ್ಲ. ಹಾಗೆ ನೋಡಿದರೆ ಕಾಂಚನಳೂ ಬದಲಾಗಿಲ್ಲ. ಹೋಗುವಾಗ ಇದ್ದ ಅಂಜಿಕೆ ಬರುವಾಗ ದುಪ್ಪಟ್ಟಾಗಿತ್ತು, ಅಷ್ಟೇ. ಆ ಮಾತು ಮಾತ್ರ ಹುಲೆಪ್ಪನಿಗೆ ಗೊತ್ತಿರಲಿಲ್ಲ.

ಅಂಜುಬುರುಕಿ ಎಂದರೆ ಎಲ್ಲದಕ್ಕೂ ಅಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಪ್ಪ ತೋಳಿನ ವ್ಯಾಪಾರಿಗಳು ಸೂಜಿ ಕಂಡು ಕಣ್ಣು ಮುಚ್ಚಿ ದೇವರನ್ನು ನೆನೆಯುವಾಗಲೂ ಅವಳ ಕೈ ಕೂದಲೆಳೆಯಷ್ಟು ನಡುಗುವುದಿಲ್ಲ. ಎಳೆಗೂಸಿನ ನರವನ್ನೂ ಒಂದೇ ಸಲಕ್ಕೆ ಹಿಡಿಯುತ್ತಾಳೆ. ಆದರೆ ಕೈಯಿಂದ ಸೂಜಿ ಇಳಿಯಿತೋ, ಧೈರ್ಯವೂ ಇಳಿಯಿತು. ಬ್ಯಾಂಕಿನ ಸಾಹೇಬರನ್ನು ಮಾತಾಡಿಸಲು ಅಂಜಿಕೆ, ಮಾಲಿನ ಓಡುವ ಮೆಟ್ಟಿಲಿಗೆ ಕಾಲಿಡಲು ಅಂಜಿಕೆ. ಸಂಜೆ ಅಕ್ಕಲಕೋಟೆಯ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಯಾರದಾದರೂ ಇರಬಹುದು ಎಂದು ನಿಂತೇ ಬರುವವಳು ಅವಳು. ನಿನ್ನದು ಗುಬ್ಬಿ ಎದೆ ಎಂದು ತಂಗಿ ಪಿಂಕಿ ದಿನಾ ಕಾಡುತ್ತಿದ್ದಳು.

ಅಂಥವಳು ಆಫ್ರಿಕಾಕ್ಕೆ ಹೋದದ್ದು ಧೈರ್ಯ ಬಂದು ಅಲ್ಲ, ಒಲ್ಲೆ ಎನ್ನಲು ಅಂಜಿ. ಅಕ್ಕಲಕೋಟೆಯ ಬುದ್ಧ ವಿಹಾರದಲ್ಲಿ ಹುಡುಗ ಹುಡುಗಿಯರದೊಂದು ಸೇವಾ ಸಂಘವಿದೆ. ಅದರ ಮುಂದಾಳು ರಾಜರತ್ನ, ಶಾಲೆಯ ಮಾಸ್ತರ, ಮಾತು ಶುರು ಮಾಡಿದರೆ ಎದುರಿನವರು ತಲೆ ಆಡಿಸುವ ತನಕ ಬಿಡದ ಮನುಷ್ಯ. ಆಫ್ರಿಕಾದ ದಕ್ಷಿಣಕ್ಕೆ ಮಲಾವಿ ಎಂಬ ದೇಶ. ಅಲ್ಲಿ ಭಿಕ್ಷುಗಳು ನಡೆಸುವ ಅನಾಥ ಮಕ್ಕಳ ಮನೆಗೆ ಈ ಸಂಘದವರು ವರ್ಷಕ್ಕೊಮ್ಮೆ ಧಮ್ಮಸೇವೆಗೆಂದು ಹೋಗಿ ಬರುತ್ತಾರೆ. ಆ ಕಡೆ ಮಲೇರಿಯಾ ಬಹಳ, ಮಕ್ಕಳ ರಕ್ತ ನೋಡಲು ಒಬ್ಬರು ಬೇಕು ಎಂದು ರಾಜರತ್ನ ಕಾಂಚನಳ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟ. ಅವಳು ತಲೆ ಆಡಿಸಿದಳು. ವಿಮಾನದಲ್ಲಿ ಕೂತ ಮೇಲೆಯೇ ಅವಳಿಗೆ ತಾನು ಒಪ್ಪಿಕೊಂಡಿದ್ದೇನೆ ಎಂಬುದು ಸರಿಯಾಗಿ ತಿಳಿದದ್ದು.

ತಾಯಿ ತುಳಜಾಬಾಯಿ ಮಹಿಳಾ ಗುಂಪೊಂದರಲ್ಲಿ ಕಡಕ್ ರೊಟ್ಟಿ ಬಡಿಯುವ ಕೆಲಸದವಳು. ಮಾತು ಕಡಿಮೆ, ಆದರೆ ಮನೆಯಲ್ಲಿ ನಡೆಯುವುದು ಆಕೆಯ ಮಾತೇ. ಮಗಳು ಹೊರಡುವಾಗ ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಅಲ್ಲಿಯ ನೀರು ಕಾಸಿ ಕುಡಿ ಎಂದಷ್ಟೇ ಹೇಳಿದಳು. ಕಾಂಚನ ತಿರುಗಿ ಬರುವಾಗ ಆಕೆಗೆಂದು ಹಳದಿ ಹೂವಿನ ಒಂದು ದಪ್ಪ ಬಟ್ಟೆ ತಂದಳು. ಮೊಬೈಲಿನ ತುಂಬ ಮಕ್ಕಳ ಫೋಟೊ ತಂದಳು. ಲ್ಯಾಬಿನಿಂದ ಒಯ್ದಿದ್ದ ಬಿಳಿ ಅಪ್ರಾನು ತರಲಿಲ್ಲ. ಹೊಳೆಯಲ್ಲಿ ಹರಿದು ಹೋಯಿತು ಎಂದಳು. ಹೋದರೆ ಹೋಯಿತು ಎಂದು ಎಲ್ಲರೂ ಸುಮ್ಮನಾದರು.

ಬಂದ ಮೇಲೆ ಒಂದು ರವಿವಾರ ಮನೆಮಂದಿಯೆಲ್ಲ ಕುರನೂರಿನ ಚಿಕ್ಕಮ್ಮನ ಮನೆಗೆ ಹೋದರು. ಊಟ ಮುಗಿಸಿ ಆಣೆಕಟ್ಟಿನ ಹಿನ್ನೀರಿನ ಕಡೆ ನಡೆದರು. ಪಿಂಕಿ ಕಲ್ಲಿನ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಟ್ಟಳು. ಆಚೆ ಒಂದು ಜಾಲಿಯ ತುಂಡು ಅರ್ಧ ಮುಳುಗಿ ತೇಲುತ್ತಿತ್ತು, ಗಾಳಿಗೆ ಸ್ವಲ್ಪ ಸ್ವಲ್ಪ ಇತ್ತ ಸರಿಯುತ್ತಿತ್ತು. ಕಾಂಚನಳ ಗಂಟಲಿನಿಂದ ಅವಳದೇ ಅಲ್ಲದ ಒಂದು ಕೂಗು ಬಂತು. ಓಡಿ ಬಂದು ತಂಗಿಯ ಜಡೆಗೆ ಕೈಹಾಕಿ ಹಿಂದಕ್ಕೆ ಎಳೆದಳು. ಪಿಂಕಿಯ ಮೊಣಕೈ ತರಚಿತು, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಹಾವು ಕಂಡಂತಾಯಿತು ಎಂದು ಕಾಂಚನ ತೊದಲಿದಳು. ಎಲ್ಲರೂ ನಕ್ಕರು, ಹುಲೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ತುಳಜಾಬಾಯಿ ಮಾತ್ರ ನಗಲಿಲ್ಲ.

ನಿಜ ಇಷ್ಟು: ಮಲಾವಿಯ ಹೊಳೆಯ ದಂಡೆಯಲ್ಲಿ ಕಾಂಚನಳನ್ನು ಮೊಸಳೆಯೊಂದು ಹಿಡಿಯಬೇಕಾಗಿತ್ತು, ಕೂದಲೆಳೆಯಲ್ಲಿ ತಪ್ಪಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಲ್ಲಿದ್ದಾಗ, ಸುದ್ದಿ ಫೋನಿನಲ್ಲಿ ಮನೆಗೆ ಮುಟ್ಟಿ ತಾಯಿ ಎದೆ ಒಡೆದುಕೊಂಡಾಳು ಎಂಬ ಅಂಜಿಕೆ. ಬಂದ ಮೇಲೆ, ಹೇಳಲು ಬಾಯಿ ತೆರೆದರೆ ಆ ನೀರು ಮತ್ತೆ ಕಣ್ಣ ಮುಂದೆ ಬರುತ್ತದೆ ಎಂಬ ಅಂಜಿಕೆ. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದರೂ ಅವಳ ಬೆನ್ನು ಸೆಟೆಯುತ್ತಿತ್ತು. ಸ್ನಾನಕ್ಕೆ ಕೂತರೆ ಬಾಗಿಲು ಪೂರ್ತಿ ಹಾಕುತ್ತಿರಲಿಲ್ಲ.

ಹೀಗಿರುವಾಗ ಮುಂದಿನ ತಂಡಕ್ಕೆ ಪಿಂಕಿಯ ಹೆಸರು ಬಂತು. ಹೆದರಿದವರ ಮೇಲೆ ಹಾವೆಸೆದರು ಎಂಬುದು ಇದಕ್ಕೇ. ಪಿಂಕಿ ಕಾಲೇಜಿನಲ್ಲಿ ಕಬಡ್ಡಿ ಆಡುವವಳು, ಮಕ್ಕಳಿಗೆ ಆಟ ಕಲಿಸಲಿ ಎಂದು ರಾಜರತ್ನ ಆರಿಸಿದ್ದ. ಅವಳು ಆಗಲೇ ಮಲಾವಿಯ ನಾಲ್ಕು ಮಾತು ಕಲಿತು ಮನೆಯ ಬೆಕ್ಕಿನ ಮೇಲೆ ಪ್ರಯೋಗ ಮಾಡುತ್ತಿದ್ದಳು. ಹುಲೆಪ್ಪ ಹೂಂ ಎಂದ. ಅವನ ಹೂಂಗೆ ಆ ಮನೆಯಲ್ಲಿ ಬೆಲೆ ಎಷ್ಟು ಎಂಬುದು ಅವನಿಗೂ ಗೊತ್ತು. ತುಳಜಾಬಾಯಿ ಹೂಂ ಎನ್ನಲಿಲ್ಲ, ಉಹೂಂ ಎಂದೂ ಎನ್ನಲಿಲ್ಲ. ಭಿಕ್ಷುಗಳು ಒಂದೆಡೆ ನಿಲ್ಲುವ ವರ್ಷಾವಾಸದ ಮಳೆಗಾಲದಲ್ಲಿ ಪ್ರತಿ ರವಿವಾರ ಮಧ್ಯಾಹ್ನ ವಿಹಾರದಲ್ಲಿ ಜನ ಸೇರುತ್ತಾರೆ. ಬರುವ ರವಿವಾರ ಕಾಂಚನ ತನ್ನ ಪ್ರವಾಸದ ಅನುಭವ ಹೇಳಬೇಕೆಂದು ರಾಜರತ್ನ ಗೊತ್ತು ಮಾಡಿದ್ದ. ಅವಳು ಏನು ಹೇಳುತ್ತಾಳೋ ಕೇಳಿ ಆಮೇಲೆ ಪಿಂಕಿಯ ಮಾತು ನೋಡೋಣ ಎಂದಳು ತಾಯಿ.

ಕಾಂಚನಳಿಗೆ ಅತ್ತ ದರಿ, ಇತ್ತ ಪುಲಿ. ಹೇಳಿದರೆ ತಂಗಿಯ ಹಾದಿ ಮುಚ್ಚುತ್ತದೆ, ಜನ್ಮವಿಡೀ ಅವಳ ಶಾಪ ತಟ್ಟುತ್ತದೆ. ಹೇಳದಿದ್ದರೆ ತಂಗಿ ಅದೇ ಹೊಳೆಯ ಅದೇ ದಂಡೆಗೆ ಹೋಗಿ ನಿಲ್ಲುತ್ತಾಳೆ. ಪಿಂಕಿಯೊಬ್ಬಳನ್ನೇ ಮಾಳಿಗೆಗೆ ಕರೆದು, ಅಲ್ಲಿಯ ಹೊಳೆಯಲ್ಲಿ ಮೊಸಳೆಗಳಿವೆ, ಹತ್ತಿರ ಸುಳಿಯಬೇಡ ಎಂದು ಹೇಳಿ ನೋಡಿದಳು. ಪಿಂಕಿ ನಕ್ಕಳು. ಮೊಸಳೆ ಇದ್ದಲ್ಲಿ ಇಳಿಯಲು ತನಗೇನು ಹುಚ್ಚೇ ಎಂದಳು. ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಸೇರಿಸಿದಳು.

"ಅಕ್ಕಾ, ರವಿವಾರ ವಿಹಾರದಾಗ ಅಂಜಿಕಿ ಮಾತು ಒಂದೂ ಆಡಬ್ಯಾಡ. ನಿನ್ನ ಕಾಲು ಹಿಡಿತೀನಿ."

ಕಾಂಚನ ಆಗಲಿ ಎಂದಳು. ಮನಸ್ಸು ಹಗುರವೂ ಆಯಿತು. ಮೊಸಳೆಯ ಮಾತು ತಂಗಿಗೆ ತಿಳಿಸಿದ್ದಾಯಿತು, ಇನ್ನು ವಿಹಾರದಲ್ಲಿ ಚೆಂದದ ಫೋಟೊ ತೋರಿಸಿ ಮುಗಿಸಿದರಾಯಿತು ಎಂದುಕೊಂಡಳು. ಆದರೆ ಆ ಶನಿವಾರ ಬೆಳಿಗ್ಗೆ ಓಣಿಯ ನಳಕ್ಕೆ ನೀರು ಬಂತು.

ಅವರ ಓಣಿಗೆ ನೀರು ನಾಲ್ಕೈದು ದಿನಕ್ಕೊಮ್ಮೆ. ಬಂತೆಂದರೆ ಕೊಡ, ಬಕೆಟ್ಟು, ಪ್ಲಾಸ್ಟಿಕ್ ಡಬ್ಬಗಳ ಜಾತ್ರೆ. ಬಾಯಿ ಜೋರಿದ್ದವರ ಕೊಡ ಬೇಗ ತುಂಬುತ್ತದೆ. ತುಳಜಾಬಾಯಿ ಎಷ್ಟು ಬೇಗ ಬಂದರೂ ಕೊಡವನ್ನು ಸಾಲಿನಲ್ಲಿ ಇಡುವುದಿಲ್ಲ. ಸೊಂಟಕ್ಕೆ ಒತ್ತಿಕೊಂಡು ಎದುರಿನ ಗೋಡೆಗೆ ಆತು ನಿಲ್ಲುತ್ತಾಳೆ. ಎಲ್ಲರದೂ ಆದ ಮೇಲೆ ಹೋಗುತ್ತಾಳೆ, ನೀರು ನಿಂತು ಹೋದರೆ ಅರ್ಧ ಕೊಡದಲ್ಲೇ ತಿರುಗುತ್ತಾಳೆ. ಯಾಕೆ ಎಂದರೆ ನನಗೇನು ಅವಸರ ಎನ್ನುತ್ತಾಳೆ. ಆಕೆ ಹುಡುಗಿಯಾಗಿ ಪರಕಾರ ಉಡುತ್ತಿದ್ದ ಕಾಲದಲ್ಲಿ, ಹುಟ್ಟಿದ ಹಳ್ಳಿಯ ಹಳ್ಳದಲ್ಲಿ ಮೇಲಿನ ದಂಡೆ ಊರವರದು. ಇವರ ಕೇರಿಯವರದು ಕೆಳಗಿನ ದಂಡೆ, ಎಲ್ಲರೂ ತೊಳೆದುಬಿಟ್ಟ ನೀರು ಹರಿದು ಬರುವ ಕಡೆ. ಆ ಕಾಲ ಹೋಯಿತು, ಆಕೆ ಆ ಹಳ್ಳಿಯನ್ನೂ ಬಿಟ್ಟಳು. ಅಕ್ಕಲಕೋಟೆಯ ಈ ಓಣಿಯಲ್ಲಿ ಆಕೆಗೆ ಹಿಂದೆ ಸರಿ ಎಂದವರು ಒಬ್ಬರೂ ಇಲ್ಲ. ಆದರೂ ಆಕೆಯ ಕಾಲು ಗೋಡೆಯ ಕಡೆಗೇ ಹೋಗುತ್ತದೆ.

ಆ ಶನಿವಾರ ಕಾಂಚನ ಬಾಗಿಲಲ್ಲಿ ನಿಂತು ನೋಡಿದಳು. ತಾಯಿ ಗೋಡೆಗೆ ಆತು ನಿಂತಿದ್ದಳು. ಪಕ್ಕದಲ್ಲಿ ಪಿಂಕಿ. ಕಬಡ್ಡಿಯಲ್ಲಿ ಏಳು ಜನರ ನಡುವೆ ನುಗ್ಗಿ ಮುಟ್ಟಿ ಬರುವ ಪಿಂಕಿ, ಹುಲೆಪ್ಪನ ಎದುರಿಗೇ ಅವನ ಅಣಕ ಮಾಡುವ ಪಿಂಕಿ, ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು, ಮೊಬೈಲ್ ನೋಡುತ್ತ, ತಾನು ಎಲ್ಲಿ ನಿಂತಿದ್ದೇನೆ ಎಂಬ ಪರಿವೆಯೇ ಇಲ್ಲದೆ ಗೋಡೆಗೆ ಆತು ನಿಂತಿದ್ದಳು. ಮೊಸಳೆ ಇದೆ ಎಂದು ತಂಗಿಗೆ ಹೇಳಿದ್ದು ಎಳ್ಳಷ್ಟೂ ಸಾಲದು ಎಂದು ಕಾಂಚನಳಿಗೆ ಆಗ ಅರ್ಥವಾಯಿತು. ಅಂದು ಹೊಳೆಯ ಆ ಜಾಗಕ್ಕೆ ತನ್ನನ್ನು ನಡೆಸಿಕೊಂಡು ಹೋದದ್ದು ಇದೇ ಗೋಡೆ.

ರವಿವಾರ ಮಧ್ಯಾಹ್ನ ಮಳೆ ಜಿಟಿಜಿಟಿ ಹಿಡಿದಿತ್ತು. ವಿಹಾರದಲ್ಲಿ ಬಿಳಿ ಸೀರೆ, ಬಿಳಿ ಅಂಗಿಗಳು ತುಂಬಿದ್ದವು. ಬುದ್ಧನ ಮೂರ್ತಿಯ ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ರಾಜರತ್ನ ಹೊತ್ತು ತಂದ ಟಿವಿ. ಹುಲೆಪ್ಪ ಮುಂದಿನ ಸಾಲಿನಲ್ಲಿ ಮದುಮಗನ ತಂದೆಯಂತೆ ಕೂತಿದ್ದ. ಪಿಂಕಿ ಗೆಳತಿಯರ ನಡುವೆ ಇದ್ದಳು. ತುಳಜಾಬಾಯಿ ಎಂದಿನಂತೆ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ.

ಕಾಂಚನ ಎದ್ದು ನಿಂತು ಜಯಭೀಮ ಎಂದಳು. ಧ್ವನಿ ಅವಳಿಗೇ ಕೇಳಲಿಲ್ಲ. ಗಡಿ ಊರಿನ ಈ ವಿಹಾರದಲ್ಲಿ ಭಾಷಣ ಎಂದರೆ ಮರಾಠಿ. ಅವಳೂ ಮರಾಠಿಯಲ್ಲೇ ಶುರು ಮಾಡಿದಳು. ಫೋಟೊಗಳು ಒಂದೊಂದಾಗಿ ಬಂದವು. ಕೆಂಪು ಮಣ್ಣಿನ ಅಂಗಳ, ಸಾಲಾಗಿ ಕೂತು ತ್ರಿಶರಣ ಹೇಳುವ ಮಕ್ಕಳು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ತಾಯಿ ಕೊಟ್ಟ ಕಡಕ್ ರೊಟ್ಟಿಯನ್ನು ಒಬ್ಬ ಹುಡುಗ ತಟ್ಟೆ ಎಂದು ತಿಳಿದು ಅದರ ಮೇಲೆ ಅನ್ನ ಬಡಿಸಿಕೊಂಡದ್ದನ್ನು ಹೇಳಿದಾಗ ವಿಹಾರವೆಲ್ಲ ನಕ್ಕಿತು. ಇಷ್ಟಕ್ಕೇ ಮುಗಿಸು ಎಂದು ಪಿಂಕಿಯ ಕಣ್ಣು ಹೇಳಿತು. ಮುಗಿಸಬಹುದಿತ್ತು. ಮುಂದಿನ ಫೋಟೊದಲ್ಲಿ ಹೊಳೆ ಇತ್ತು.

ಅಗಲವಾದ ಮಂದ ನೀರು, ದಂಡೆಯಲ್ಲಿ ಜೊಂಡು. ಮೂಲೆಯಲ್ಲಿ ಯಾರೋ ಲೋಟಕ್ಕೆ ನೀರು ಬಗ್ಗಿಸಿದ ಸದ್ದಾಯಿತು, ಅವಳು ಹಾವು ತುಳಿದವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅವಳು ಬಾಗಿಲ ಹತ್ತಿರದ ಮುಖವೊಂದನ್ನೇ ನೋಡುತ್ತ, ಮರಾಠಿ ಬಿಟ್ಟು, ಮನೆಯ ಕನ್ನಡದಲ್ಲಿ ಮಾತು ಮುಂದುವರಿಸಿದಳು.

ಆ ದಿನ ರಕ್ತ ಪರೀಕ್ಷೆಗೆಂದು ಮಕ್ಕಳ ಮನೆಯಿಂದ ದೂರದ ಒಂದು ಹೊಳೆದಂಡೆಯ ಹಳ್ಳಿಗೆ ಕಾಂಚನ ಹೋಗಿದ್ದಳು. ಸಂಗಡ ತದಾಲಾ ಎಂಬ ಅಲ್ಲಿಯ ಹುಡುಗಿ, ಆಸ್ಪತ್ರೆಯ ಸಹಾಯಕಿ. ಮರದ ಕೆಳಗೆ ಮೇಜು ಹಾಕಿ ಸೂಜಿ ಚುಚ್ಚುವಾಗ ಒಂದು ಮಗು ಕಾಂಚನಳ ಎದೆಯ ಮೇಲೆ ವಾಂತಿ ಮಾಡಿಕೊಂಡಿತು. ಹಳ್ಳಿಯ ಬೋರಿಂಗು ಕೆಟ್ಟಿತ್ತು. ತದಾಲಾ ಮಗುವನ್ನು ಎತ್ತಿಕೊಂಡು ಆಚೆ ಹೋಗಿದ್ದಳು. ಅಪ್ರಾನು ತೊಳೆದು ಬಂದೇನು ಎಂದು ಕಾಂಚನ ಒಬ್ಬಳೇ ಹೊಳೆಗೆ ಇಳಿದಳು.

ದಂಡೆಯಲ್ಲಿ ಒಂದು ಬೇಲಿ ಇತ್ತು. ದಪ್ಪ ಗಳಗಳನ್ನು ಒತ್ತೊತ್ತಾಗಿ ನೆಟ್ಟು, ನೀರಿನೊಳಗೂ ನಾಲ್ಕಾರು ಮಾರು ಹೋಗಿ ಸುತ್ತು ಹಾಕಿ ಬಂದ ಬೇಲಿ. ಅದರೊಳಗೆ ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಕೊಡ ತುಂಬುತ್ತಿದ್ದರು. ಒಳಗೆ ಹೋಗಲು ಒಂದು ಸಣ್ಣ ದಾರಿಯೂ ಇತ್ತು. ಕಾಂಚನಳ ಕಾಲುಗಳು ಆ ದಾರಿಯ ಮುಂದೆ ಗಕ್ಕನೆ ನಿಂತವು.

"ಬೇಲಿ ಕಂಡೆ. ಇದು ಅವರ ನೀರು, ನಮಗಲ್ಲ ಅಂತ ತಿಳಕೊಂಡೆ," ಎಂದಳು ಕಾಂಚನ. "ಯಾರೂ ಅನ್ನಲಿಲ್ಲ. ನಾನ ಅಂದಕೊಂಡೆ. ಹೊಲಸು ಅಪ್ರಾನ ಹಿಡಕೊಂಡು ಅವರ ನೀರಿಗೆ ಹ್ಯಾಂಗ ಹೋಗಲಿ ಅಂತ ಕೆಳಗಿನ ದಂಡಿಗೆ ಹೋದೆ."

ಕೆಳಗಿನ ದಂಡೆ ಎಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿ ಮಾರ್ಚ್ ತಿಂಗಳಲ್ಲಿ ಇದೇ ಜಾಗದಲ್ಲಿ ನಿಂತು, ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹದ ಬಗ್ಗೆ ಬಾಯಿಪಾಠದ ಭಾಷಣ ಮಾಡಿ ಬಹುಮಾನ ಹೊಡೆದ ಹುಡುಗಿ ಇವಳು. ಆ ಭಾಷಣ ಬಾಯಿಗೆ ಬಂದಿತ್ತು, ಕಾಲಿಗೆ ಬಂದಿರಲಿಲ್ಲ.

ಅವಳು ಬೇಲಿಯ ಹೊರಗೆ, ಹರಿವಿನ ಕೆಳಬದಿಗೆ, ತನ್ನ ಹೊಲಸು ಯಾರ ಕೊಡಕ್ಕೂ ಹೋಗದ ಕಡೆ ನಡೆದಳು. ಒಳಗಿನ ಹೆಂಗಸರು ನೋಡಿ ಕೂಗತೊಡಗಿದರು. ಎಲ್ಲರೂ ಒಮ್ಮೆಲೇ, ಕೈ ಎತ್ತಿ, ಕಣ್ಣು ಅಗಲ ಮಾಡಿ. ಅವರ ಭಾಷೆ ಅವಳಿಗೆ ತಿಳಿಯದು. ಆದರೆ ನೀರಿನ ಹತ್ತಿರ ಹೆಂಗಸರು ಹಾಗೆ ಕೂಗಿದರೆ ಏನರ್ಥ ಎಂಬುದು ಅವಳಿಗೆ ಹುಟ್ಟುವ ಮೊದಲೇ ಗೊತ್ತಿದ್ದಂತಿತ್ತು: ಇನ್ನೂ ದೂರ ಹೋಗು. ಅವಳು ತಲೆ ತಗ್ಗಿಸಿ, ಮಾಫಿ ಕೇಳುವಂತೆ ಕೈ ಮಾಡಿ, ಇನ್ನೂ ದೂರ ಹೋದಳು. ಅವರು ಕೂಗಿದಷ್ಟೂ ದೂರ ಹೋದಳು. ಜೊಂಡಿನ ಬದಿ ಒಂದು ಕಲ್ಲು ಸಿಕ್ಕಿತು. ಕುಕ್ಕರುಗಾಲಲ್ಲಿ ಕೂತು ಅಪ್ರಾನನ್ನು ನೀರಿಗೆ ಅದ್ದಿದಳು.

ನೀರಿನ ಮೇಲೆ ಒಂದು ಕೊರಡು ಇತ್ತು. ಅವಳು ನೋಡಿದ್ದಳು. ಕೊರಡು ಎಂದೇ ನೋಡಿದ್ದಳು. ಎರಡನೇ ಸಲ ತಲೆ ಎತ್ತಿದಾಗ ಅದು ಅಲ್ಲಿರಲಿಲ್ಲ.

ಹಿಂದಿನಿಂದ ಯಾರೋ ಅವಳ ಜಡೆಗೆ ಕೈಹಾಕಿದರು. ಕುತ್ತಿಗೆ ಮುರಿಯುವಂಥ ಎಳೆತ. ಅಂಗಾತ ಬಿದ್ದಳು, ಕಾಲು ಇನ್ನೂ ಕಲ್ಲಿನ ಮೇಲೆಯೇ ಇತ್ತು. ಮುಂದಿನ ಗಳಿಗೆಯಲ್ಲಿ ನೀರು ಒಡೆಯಿತು. ಅವಳು ಕಂಡದ್ದು ಬಾಯಿ ಮಾತ್ರ. ಒಳಗೆ ನಸುಹಳದಿ ಬಣ್ಣದ, ತೆರೆದ ಬಾಯಿ. ಅದು ಅಪ್ರಾನನ್ನು ಕಚ್ಚಿಕೊಂಡು ಒಂದು ಸಲ ಮಗ್ಗುಲು ಉರುಳಿ ಒಳಗೆ ಹೋಯಿತು. ಬಿಳಿ ಬಟ್ಟೆ ಸುರುಳಿ ಸುತ್ತಿಕೊಂಡು ಕೆಳಗಿಳಿದದ್ದು ಅವಳಿಗೆ ಈಗಲೂ ಕಾಣುತ್ತದೆ. ಲ್ಯಾಬಿನಲ್ಲಿ ಅಪ್ರಾನು ತೊಡುವಾಗ ದಿನಾ ಕಾಣುತ್ತದೆ.

ಜಡೆ ಹಿಡಿದವಳು ಒಬ್ಬ ಮುದುಕಿ. ಬಿಡಲಿಲ್ಲ, ದಂಡೆಯ ಮೇಲೆ ದರದರ ಎಳೆದುಕೊಂಡು ಹೋದಳು. ಒಂದೇ ಕೈಯಿಂದ ಎಳೆಯುತ್ತಿದ್ದಳು. ಇನ್ನೊಂದು ತೋಳು ಮೊಣಕೈಗೆ ಮುಗಿದಿತ್ತು. ಬೇಲಿಯೊಳಗೆ ಸುರಕ್ಷಿತವಾಗಿದ್ದವಳು, ಒಮ್ಮೆ ಆ ಬಾಯಿಗೆ ಕೈ ಕೊಟ್ಟವಳು, ಗುರುತಿಲ್ಲದ ಒಬ್ಬ ಹುಡುಗಿಗಾಗಿ ಬೇಲಿಯ ಹೊರಗೆ ಓಡಿ ಬಂದಿದ್ದಳು. ಹೆಂಗಸರೆಲ್ಲ ಕಾಂಚನಳನ್ನು ಬೇಲಿಯೊಳಗೆ ಎಳೆದುಕೊಂಡರು. ತಮ್ಮ ಕೊಡದ ನೀರನ್ನೇ ಅವಳ ಮುಖಕ್ಕೆ ಹಾಕಿದರು, ತಮ್ಮ ಲೋಟದಿಂದಲೇ ಕುಡಿಸಿದರು, ಬೈದರು, ತಬ್ಬಿಕೊಂಡು ಅತ್ತರು. ತದಾಲಾ ಓಡಿ ಬಂದು ಎಲ್ಲವನ್ನೂ ಕೇಳಿ ತಿಳಿದು, ನಡುಗುವ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಒಳಗೆ ಬಾ, ಒಳಗೆ ಬಾ ಎಂದು ಇವರು ಅಷ್ಟು ಕೂಗಿದರೂ ನೀನೇಕೆ ಹೊರಗೇ ಹೋದೆ? ಬೇಲಿ ಇರುವುದು ಮೊಸಳೆಗೆ, ಮನುಷ್ಯರಿಗಲ್ಲವಲ್ಲ.

"ಅದರ ಉತ್ತರ ನಿನ್ನ ಮುಂದ ಹೇಳತೀನಿ," ಎಂದಳು ಕಾಂಚನ ತಾಯಿಗೆ. ಕಣ್ಣಲ್ಲಿ ನೀರು ಧಾರೆ, ಒರೆಸಿಕೊಳ್ಳಲೂ ಕೈ ಏಳಲಿಲ್ಲ. "ಆಯಿ, ನೀ ನನಗ ಎಂದೂ ಹಿಂದ ನಿಂದ್ರು ಅಂದಿಲ್ಲ. ಖರೆ ಹೇಳತೀನಿ, ಅಂದಿಲ್ಲ. ಆದ್ರ ನೀ ನಿಂತದ್ದು ನೋಡಿಕೋತ ಬೆಳದೀನಿ. ನಿನ್ನೆ ಪಿಂಕಿನೂ ಅಲ್ಲೇ ನಿಂತಿದ್ಲು."

ಮಾತು ಆಡಿ ಮುಗಿಸಿದ ಮೇಲೆ ಅವಳಿಗೆ ಮೊಸಳೆಗಿಂತ ದೊಡ್ಡ ಅಂಜಿಕೆ ಬಂತು. ನೂರು ಜನರ ನಡುವೆ ತಾಯಿಯ ಮೈಮೇಲಿನ ಬಟ್ಟೆ ಎಳೆದಂತಾಯಿತಲ್ಲ ಎನಿಸಿತು. ಎಲ್ಲರ ತಲೆಗಳೂ ಬಾಗಿಲ ಕಡೆ ತಿರುಗಿದ್ದವು. ತುಳಜಾಬಾಯಿ ಎದ್ದಳು, ಚಪ್ಪಲಿ ಮೆಟ್ಟಿದಳು, ಸೆರಗು ತಲೆಗೆ ಎಳೆದುಕೊಂಡು ಮಳೆಯಲ್ಲಿ ಹೊರಟು ಹೋದಳು. ಪಿಂಕಿ ಗೆಳತಿಯ ಹೆಗಲಿಗೆ ಮುಖ ಹಚ್ಚಿ ಅಳುತ್ತಿದ್ದಳು. ಹುಲೆಪ್ಪ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ.

ಮನೆಯಲ್ಲಿ ಅಂದು ತುಳಜಾಬಾಯಿ ರೊಟ್ಟಿ ಬಡಿದಳು, ಬಡಿಸಿದಳು, ಯಾರ ಮುಖವನ್ನೂ ನೋಡಲಿಲ್ಲ. ಪಿಂಕಿ ಅಕ್ಕನ ಕಡೆ ಬೆನ್ನು ಮಾಡಿ ಮಲಗಿದಳು. ನನ್ನ ಹಾದಿ ಮುಚ್ಚಿದಿ ಎಂದು ಒಂದು ಮಾತು ಬೈದಿದ್ದರೂ ಕಾಂಚನಳಿಗೆ ಸಮಾಧಾನವಾಗುತ್ತಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ತಾಯಿ ನಳದ ಹತ್ತಿರ ಹೋಗುವುದನ್ನೇ ಬಿಟ್ಟುಬಿಟ್ಟರೆ, ಓಣಿಯಲ್ಲಿ ತಲೆ ಎತ್ತದೆ ಹೋದರೆ ಎಂದು ನೆನೆನೆನೆದು ಕಾಂಚನ ಬಸ್ಸಿನಲ್ಲಿ ನಿಂತಲ್ಲೇ ಬೆವರುತ್ತಿದ್ದಳು. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಆದರೆ ಜೊಂಡಿನ ಬದಿಯ ಕಲ್ಲಿನ ಮೇಲೆ ಪಿಂಕಿ ಕೂತಿರುವುದು ಕಣ್ಣಿಗೆ ಕಟ್ಟಿದಾಗ, ಹಾಗೆ ಅನಿಸಿದ್ದಕ್ಕೂ ಅಂಜಿಕೆಯಾಗುತ್ತಿತ್ತು.

ಮುಂದೆ ಒಂದು ಬೆಳಿಗ್ಗೆ ನಳ ಗೊರಗೊರ ಎಂದಿತು. ಓಣಿಯ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದವು. ಪಿಂಕಿ ಕೊಡಕ್ಕೆ ಕೈ ಹಾಕುವಷ್ಟರಲ್ಲಿ ತುಳಜಾಬಾಯಿ ಅದನ್ನು ತಾನೇ ತೆಗೆದುಕೊಂಡು, ಇಲ್ಲೇ ಇರು ಎಂದು ಕೈಸನ್ನೆ ಮಾಡಿ ಹೊರಟಳು. ಕಾಂಚನ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

ಸಾಲು ಆಗಲೇ ಬೆಳೆಯುತ್ತಿತ್ತು. ತುಳಜಾಬಾಯಿ ಅಭ್ಯಾಸದಂತೆ ಗೋಡೆಯ ಕಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ಆಕೆಯ ಕುತ್ತಿಗೆ ಬೆವರಿನಿಂದ ಹೊಳೆಯುವುದು ಬಾಗಿಲಿಗೂ ಕಾಣುತ್ತಿತ್ತು. ಆಮೇಲೆ ತಿರುಗಿ ಸಾಲಿನ ಕೊನೆಗೆ ಬಂದು, ಅಲ್ಲಿದ್ದ ಬಕೆಟ್ಟಿನ ಹಿಂದೆ ತನ್ನ ಕೊಡ ಇಟ್ಟಳು. ಹಿಂದಿನಿಂದ ಇನ್ನೊಬ್ಬಳು ಬಂದಳು, ಇನ್ನೂ ಒಬ್ಬಳು ಬಂದಳು. ಈಗ ತುಳಜಾಬಾಯಿ ಸಾಲಿನ ನಡುವೆ ಇದ್ದಳು. ಕಾಂಚನಳಿಗೆ ಒಂದೇ ಅಂಜಿಕೆ. ಯಾರಾದರೂ ಒಂದು ಮಾತು ಅಂದರೆ, ಒಬ್ಬರು ತಮ್ಮ ಕೊಡವನ್ನು ಒಂದು ಗೇಣು ಆಚೆ ಸರಿಸಿದರೆ, ತಾಯಿ ಇನ್ನೆಂದೂ ಗೋಡೆಯಿಂದ ಈಚೆ ಬರಲಾರಳು. ಹೊಳೆಯ ದಂಡೆಯಲ್ಲಿ ಅವಳು ಇಷ್ಟು ಅಂಜಿರಲಿಲ್ಲ. ಅಲ್ಲಿ ಅಂಜಲು ಪುರಸೊತ್ತು ಇರಲಿಲ್ಲ.

ಮುಂದಿದ್ದವಳು ಮೂಲೆಮನೆಯ ಕಿರಾಣಿ ಅಂಗಡಿಯ ಸಾವಿತ್ರಿಬಾಯಿ, ಓಣಿಯಲ್ಲೇ ಜೋರು ಬಾಯಿಯವಳು. ಆಕೆ ತಿರುಗಿ ತುಳಜಾಬಾಯಿಯ ಕೊಡವನ್ನು ನೋಡಿದಳು. ಬಗ್ಗಿದಳು. ಕೊಡ ಕಲ್ಲಿನ ಮೇಲೆ ಓಲಾಡುತ್ತಿತ್ತು, ಅದನ್ನು ಹಿಡಿದು ಸಮ ಜಾಗಕ್ಕೆ ಸರಿಸಿ ಇಟ್ಟು, ಮತ್ತೆ ತನ್ನ ಸೊಸೆಯ ದೂರು ಹೇಳುವುದನ್ನು ಮುಂದುವರಿಸಿದಳು. ಅಷ್ಟೇ ಆದದ್ದು. ಸರದಿ ಬಂತು, ನೀರು ಧೋ ಎಂದು ಬಿತ್ತು, ಕೊಡ ಕಂಠದ ತನಕ ತುಂಬಿತು.

ತುಳಜಾಬಾಯಿ ಕೊಡ ಹೊತ್ತು ಬಂದು ಹೊಸ್ತಿಲ ಮೇಲೆ ಇಳಿಸಿದಳು, ಅಲ್ಲೇ ಕುಸಿದು ಕೂತಳು. ಕಾಂಚನ ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡಳು. ಒಳಗಿನಿಂದ ಪಿಂಕಿ ಬಂದು ನಿಂತಳು. ತುಳಜಾಬಾಯಿ ಚಿಕ್ಕ ಮಗಳ ಕಡೆ ತಿರುಗಿದಳು.

"ಹೋಗು," ಎಂದಳು. "ಅಲ್ಲಿ ಆ ಮುದುಕಿ ಸಿಕ್ಕರ ನನ್ನ ಹೆಸರು ಹೇಳು. ಬೇಲಿ ಒಳಗ ನಿಂದ್ರು. ಅಂಜಿಕಿ ಬಂದ್ರೂ ಒಳಗ ನಿಂದ್ರು, ನಾ ಈಗ ನಿಂತು ಬಂದೀನಲ್ಲ, ಹಂಗ."